ಕೀ ಸಿಗ್ನೇಚರ್ ಅಂದ್ರೆ ಏನು? ಹದಿನೈದನ್ನೂ ಬಾಯಿಪಾಠ ಮಾಡಲೇಬೇಕಾ?

ನೀವು ಕೇಳಿದ್ದು ಇಷ್ಟು: ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೀರಿ, ಈಗ ಪಿಯಾನೋ ಶುರು ಮಾಡಿದ್ದೀರಿ. ಪುಸ್ತಕದಲ್ಲಿ ಪ್ರತಿ ಸಾಲಿನ ಶುರುವಿನಲ್ಲೂ ಎರಡು ಶಾರ್ಪ್ ಗುರುತು ಕೂತಿವೆ. ಅವು ಅಲ್ಲಿ ಯಾಕಿವೆ? ಸಾಲಿನ ಶುರುವಿನ ಇಂಥ ಗುರುತುಗಳ ಗುಂಪಿಗೇ ಕೀ ಸಿಗ್ನೇಚರ್ ಅನ್ನುತ್ತಾರೆ, ಇಂಥವು ಒಟ್ಟು 15 ಇವೆಯಂತೆ, ಎಲ್ಲವನ್ನೂ ಉರು ಹೊಡೆಯಬೇಕಾ?

ಬೇಡ. ನಾನು ಉರು ಹೊಡೆದಿದ್ದೆ, ಒಂದು ವಾರದಲ್ಲಿ ಮರೆತೂ ಹೋಗಿತ್ತು. ಅದು ಪಟ್ಟಿಯೇ ಅಲ್ಲ, ಒಂದು ಲೆಕ್ಕ ಅಂತ ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು. ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಈ ಲೆಕ್ಕ ಬೇರೆಯವರಿಗಿಂತ ಸುಲಭ. ಷಡ್ಜ, ಅಂದರೆ ಸ, ಜಾಗ ಬದಲಿಸಿದಾಗ ಶಂಕರಾಭರಣ ರಾಗ ಕೆಡದೇ ಇರಲಿ ಅಂತ ಮಾಡಿಕೊಂಡ ತಿದ್ದುಪಡಿಯೇ ಕೀ ಸಿಗ್ನೇಚರ್.

ಮೊದಲು ನಮ್ಮ ಬರಹಕ್ಕೂ ಅವರ ಬರಹಕ್ಕೂ ಇರುವ ವ್ಯತ್ಯಾಸ ನೋಡಿ. ನಮ್ಮಲ್ಲಿ ಶ್ರುತಿ ಯಾವುದೇ ಇರಲಿ, ಪುಸ್ತಕದಲ್ಲಿ ಇರುವುದು ಸರಿಗಮ. ಒಬ್ಬರು ಸಿ ಶ್ರುತಿಯಲ್ಲಿ ಹಾಡಲಿ, ಇನ್ನೊಬ್ಬರು ಜಿ ಶ್ರುತಿಯಲ್ಲಿ ಹಾಡಲಿ, ಪುಸ್ತಕದ ಒಂದು ಅಕ್ಷರವೂ ಬದಲಾಗುವುದಿಲ್ಲ. ಸ್ವರದ ಹೆಸರು ಶ್ರುತಿಯ ಜೊತೆಗೇ ಓಡಾಡುತ್ತದೆ. ಪಾಶ್ಚಾತ್ಯರ ಐದು ಗೆರೆಯ ಬರಹದಲ್ಲಿ ಹಾಗಲ್ಲ. ಅಲ್ಲಿ ಬರೆಯುವುದು ಸ್ವರವನ್ನಲ್ಲ, ಕೀಬೋರ್ಡಿನ ಮನೆಯನ್ನು. (ಹಾರ್ಮೋನಿಯಂನವರು ಬಿಳಿ ಮನೆ, ಕಪ್ಪು ಮನೆ ಅನ್ನುತ್ತಾರಲ್ಲ, ನಾನೂ ಹಾಗೇ ಹೇಳುತ್ತೇನೆ. ಇಲ್ಲದಿದ್ದರೆ ಒತ್ತುವ ಕೀ ಯಾವುದು, ರಾಗದ ಕೀ, ಅಂದರೆ ಷಡ್ಜ ಇಟ್ಟ ಜಾಗ, ಯಾವುದು ಅಂತ ಇಬ್ಬರಿಗೂ ಗೊಂದಲ.) ಏಳು ಬಿಳಿ ಮನೆಗಳಿಗೆ ಏಳು ಅಕ್ಷರ: ಸಿ, ಡಿ, ಇ, ಎಫ್, ಜಿ, ಎ, ಬಿ. ಒಂದೊಂದು ಅಕ್ಷರಕ್ಕೆ ಒಂದು ಗೆರೆ ಅಥವಾ ಗೆರೆಗಳ ನಡುವಿನ ಒಂದು ಸಂದು. ಕಪ್ಪು ಮನೆಗೆ ಸ್ವಂತ ಜಾಗವೇ ಇಲ್ಲ. ಪಕ್ಕದ ಬಿಳಿ ಮನೆಯ ಗೆರೆಯಲ್ಲಿ ಶಾರ್ಪ್ (ಒಂದು ಮನೆ ಮೇಲೆ) ಅಥವಾ ಫ್ಲಾಟ್ (ಒಂದು ಮನೆ ಕೆಳಗೆ) ಅಂತ ಬಾಡಿಗೆಗೆ ಇರಬೇಕು.

ಈಗ ಕೀಬೋರ್ಡ್ ಮುಂದೆ ಕೂತು ಓದಿ. ಸಿ ಇಂದ ಶುರು ಮಾಡಿ ಬಿಳಿ ಮನೆಗಳನ್ನಷ್ಟೇ ಒತ್ತುತ್ತಾ ಮೇಲಿನ ಸಿ ತನಕ ಹೋಗಿ. ಶಂಕರಾಭರಣ, ಅಲ್ವಾ? 29ನೇ ಮೇಳ. ಅವರು ಇದನ್ನೇ ಮೇಜರ್ ಸ್ಕೇಲ್ ಅನ್ನುತ್ತಾರೆ. ಕಪ್ಪು ಬಿಳುಪು ಎಲ್ಲಾ ಸೇರಿಸಿ ಎಣಿಸಿದರೆ ಅಂತರಗಳು ಹೀಗಿವೆ: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಗಾಂಧಾರದಿಂದ ಮಧ್ಯಮಕ್ಕೆ ಒಂದೇ ಮನೆ, ನಿಷಾದದಿಂದ ಮೇಲಿನ ಷಡ್ಜಕ್ಕೆ ಒಂದೇ ಮನೆ, ಉಳಿದಿದ್ದೆಲ್ಲ ಎರಡೆರಡು. ನೆನಪಿಡಬೇಕಾದ್ದು ಇದೊಂದೇ.

ಇನ್ನು ನಿಮ್ಮ ಎರಡು ಶಾರ್ಪ್. ಡಿ ಮನೆಯನ್ನು ಷಡ್ಜ ಮಾಡಿಕೊಂಡು ಇದೇ ಅಂತರದಲ್ಲಿ ನಡೆಯಿರಿ. ಡಿ ಇಂದ ಎರಡು ಮನೆ ಆಚೆ ಇ, ಅದು ರಿಷಭ. ಇನ್ನೆರಡು ಮನೆ ಹೋದರೆ ಬೆರಳು ಎಫ್ ಮೇಲೆ ನಿಲ್ಲುವುದಿಲ್ಲ, ಅದನ್ನು ದಾಟಿ ಮುಂದಿನ ಕಪ್ಪು ಮನೆಗೆ ಬೀಳುತ್ತದೆ. ಇದು ಎಫ್ ಶಾರ್ಪ್, ನಿಮ್ಮ ಗಾಂಧಾರ. ಆಮೇಲೆ ಜಿ, ಎ, ಬಿ ಆರಾಮಾಗಿ ಸಿಗುತ್ತವೆ. ಬಿ ಇಂದ ಎರಡು ಮನೆ ಹೋಗಿ ನಿಷಾದ ಹಿಡಿಯಬೇಕು, ಆಗ ಸಿ ದಾಟಿ ಸಿ ಶಾರ್ಪ್‌ಗೆ ಬರುತ್ತೀರಿ. ಅಲ್ಲಿಂದ ಒಂದೇ ಮನೆಗೆ ಮೇಲಿನ ಡಿ. ಅಂದರೆ ಡಿ ಶ್ರುತಿಯಲ್ಲಿ ಶಂಕರಾಭರಣ ನುಡಿಸಬೇಕಾದರೆ ಎಫ್ ಮತ್ತು ಸಿ ಎರಡನ್ನೂ ಪ್ರತಿ ಸಲ ಒಂದು ಮನೆ ಮೇಲಕ್ಕೆ ಸರಿಸಲೇಬೇಕು. ಪ್ರತಿ ಎಫ್ ಮುಂದೆಯೂ ಪ್ರತಿ ಸಿ ಮುಂದೆಯೂ ಗುರುತು ಹಾಕುತ್ತಾ ಹೋದರೆ ಪುಟ ತುಂಬಾ ಮುಳ್ಳು ಚೆಲ್ಲಿದ ಹಾಗಿರುತ್ತದೆ. ಅದಕ್ಕೇ ಸಾಲಿನ ಮೊದಲಲ್ಲಿ ಒಂದೇ ಸಲ ಹೇಳಿ ಮುಗಿಸುತ್ತಾರೆ. ನಿಮ್ಮ ಪುಸ್ತಕದ ಆ ಎರಡು ಗುರುತು ಹೇಳುತ್ತಿರುವುದು ಇಷ್ಟೇ.

ಎಫ್ ಮತ್ತು ಸಿ ಯಾಕೆ, ಬೇರೆ ಎರಡು ಯಾಕಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಸಿ ಇಂದ ಷಡ್ಜವನ್ನು ಅದರ ಪಂಚಮಕ್ಕೆ, ಅಂದರೆ ಜಿ ಗೆ ಎತ್ತಿಡಿ. ಬಿಳಿ ಮನೆಗಳಲ್ಲೇ ಜಿ ಇಂದ ಜಿ ತನಕ ನುಡಿಸಿ. ಏನು ಕೇಳಿಸುತ್ತದೆ? ಹರಿಕಾಂಭೋಜಿ. ನಮ್ಮವರು ಗ್ರಹಭೇದ ಅನ್ನುವುದು ಇದನ್ನೇ. ಹರಿಕಾಂಭೋಜಿಗೂ ಶಂಕರಾಭರಣಕ್ಕೂ ಇರುವ ವ್ಯತ್ಯಾಸ ಒಂದೇ ಸ್ವರ: ಕೈಶಿಕಿ ನಿಷಾದದ ಬದಲು ಕಾಕಲಿ ನಿಷಾದ ಬೇಕು. ಇಲ್ಲಿ ನಿಷಾದ ಕೂತಿರುವುದು ಎಫ್ ಮೇಲೆ. ಅದನ್ನು ಒಂದು ಮನೆ ಏರಿಸಿದರೆ ಮುಗಿಯಿತು. ಒಂದು ಶಾರ್ಪ್, ಜಿ ಮೇಜರ್. ಅಲ್ಲಿಂದ ಮತ್ತೆ ಪಂಚಮಕ್ಕೆ ಹೋದರೆ ಡಿ. ಹಳೆಯ ಎಫ್ ಶಾರ್ಪ್ ಹಾಗೇ ಇರುತ್ತದೆ, ಹೊಸ ನಿಷಾದ ಸಿ ಮೇಲೆ ಬಿದ್ದು ಅದನ್ನೂ ಏರಿಸಬೇಕಾಗುತ್ತದೆ. ಎರಡು ಶಾರ್ಪ್. ಮತ್ತೆ ಪಂಚಮ ಎ, ಮೂರು ಶಾರ್ಪ್. ಇ ಗೆ ನಾಲ್ಕು, ಬಿ ಗೆ ಐದು. ಪ್ರತಿ ಹೆಜ್ಜೆಗೂ ಹೊಸದಾಗಿ ಸೇರುವುದು ಒಂದೇ ಶಾರ್ಪ್, ಅದು ಯಾವಾಗಲೂ ಆ ಹೊಸ ಕೀಯ ನಿಷಾದ. ಸೇರುವ ಕ್ರಮ: ಎಫ್, ಸಿ, ಜಿ, ಡಿ, ಎ, ಇ, ಬಿ. ಇದೂ ಪಂಚಮದಿಂದ ಪಂಚಮಕ್ಕೆ ಹಾರುವ ಕ್ರಮವೇ.

ಥಿಯರಿ ಪುಸ್ತಕಗಳಲ್ಲಿ "ಕೊನೆಯ ಶಾರ್ಪ್‌ಗಿಂತ ಒಂದು ಮನೆ ಮೇಲಿರುವುದೇ ಕೀ" ಅಂತ ಒಂದು ಚುಟುಕು ಉಪಾಯ ಕೊಟ್ಟಿರುತ್ತಾರೆ. ಅದು ಉಪಾಯವೇನೂ ಅಲ್ಲ. ಕೊನೆಯ ಶಾರ್ಪ್ ನಿಷಾದ ಅಂದಮೇಲೆ ಅದರ ಪಕ್ಕದ ಮನೆ ಷಡ್ಜ ಆಗದೆ ಇನ್ನೇನಾಗಬೇಕು?

ಫ್ಲಾಟ್‌ಗಳದ್ದು ಇದೇ ದಾರಿಯ ಉಲ್ಟಾ ಪ್ರಯಾಣ. ಈ ಸಲ ಷಡ್ಜವನ್ನು ಮಧ್ಯಮಕ್ಕೆ ಒಯ್ಯಿರಿ. ಸಿ ಇಂದ ಎಫ್. ಬಿಳಿ ಮನೆಗಳಲ್ಲೇ ನುಡಿಸಿದರೆ ಕಲ್ಯಾಣಿ ಬರುತ್ತದೆ, ಯಾಕೆಂದರೆ ಬಿ ಅಲ್ಲಿ ‘ಪ್ರತಿ ಮಧ್ಯಮ’, ಅಂದರೆ ಮೇಲಿನ ಮ, ಆಗಿದೆ. ಶುದ್ಧ ಮಧ್ಯಮ ಬೇಕಾದರೆ ಬಿ ಯನ್ನು ಒಂದು ಮನೆ ಇಳಿಸಬೇಕು. ಬಿ ಫ್ಲಾಟ್, ಒಂದು ಫ್ಲಾಟ್, ಎಫ್ ಮೇಜರ್. ಮುಂದಿನದು ಬಿ ಫ್ಲಾಟ್, ಅದಕ್ಕೆ ಎರಡು. ಆಮೇಲೆ ಇ ಫ್ಲಾಟ್, ಅದಕ್ಕೆ ಮೂರು. ಸೇರುವ ಕ್ರಮ ಶಾರ್ಪ್‌ನದ್ದನ್ನು ಹಿಂದಿನಿಂದ ಓದಿದ ಹಾಗೆ: ಬಿ, ಇ, ಎ, ಡಿ, ಜಿ, ಸಿ, ಎಫ್. ಇಲ್ಲಿ ಕೊನೆಯ ಫ್ಲಾಟ್ ಯಾವಾಗಲೂ ಮಧ್ಯಮ, ಅದರ ಹಿಂದಿನ ಫ್ಲಾಟ್ ಷಡ್ಜ. ಒಂದೇ ಫ್ಲಾಟ್ ಇದ್ದಾಗ ಮಾತ್ರ ಹಿಂದಿನದು ಇರುವುದಿಲ್ಲ, ಅದು ಎಫ್ ಅಂತ ನೆನಪಿಟ್ಟುಕೊಂಡರೆ ಸಾಕು.

"ಬಿ ಫ್ಲಾಟ್ ಅಂದ್ರೂ ಎ ಶಾರ್ಪ್ ಅಂದ್ರೂ ಒಂದೇ ಕಪ್ಪು ಮನೆ ತಾನೆ, ಯಾಕೆ ಈ ಗೊಂದಲ" ಅಂತ ಅನ್ನಿಸಬಹುದು. ಎಫ್ ಮೇಜರಿನಲ್ಲಿ ಅದನ್ನು ಎ ಶಾರ್ಪ್ ಅಂತ ಬರೆದರೆ ಎ ಎರಡು ಸಲ ಬರುತ್ತದೆ, ಬಿ ಬರುವುದೇ ಇಲ್ಲ. ಒಂದೇ ಗೆರೆಯಲ್ಲಿ ಇಬ್ಬರು ಜಗಳವಾಡುತ್ತಾರೆ, ಪಕ್ಕದ ಜಾಗ ಖಾಲಿ ಬಿದ್ದಿರುತ್ತದೆ. ಏಳು ಅಕ್ಷರವೂ ಒಂದೊಂದೇ ಸಲ ಬರಬೇಕು ಅನ್ನುವುದು ನಿಯಮ. ನಮ್ಮಲ್ಲೂ ಇದು ಇದೆಯಲ್ಲ! ಸಾಧಾರಣ ಗಾಂಧಾರ, ಷಟ್‌ಶ್ರುತಿ ರಿಷಭ ಎರಡೂ ಒಂದೇ ಜಾಗ. ಚಲನಾಟದಲ್ಲಿ ಅದನ್ನು ಗಾಂಧಾರ ಅನ್ನುವುದಿಲ್ಲ, ಯಾಕೆಂದರೆ ಅಲ್ಲಿ ಗಾಂಧಾರದ ಕುರ್ಚಿಯಲ್ಲಿ ಅಂತರ ಗಾಂಧಾರ ಕೂತಾಗಿದೆ. 12 ಜಾಗಕ್ಕೆ 16 ಹೆಸರು ಇಟ್ಟುಕೊಂಡು ಬದುಕಿರುವ ನಮಗೆ ಶಾರ್ಪ್ ಫ್ಲಾಟ್ ಎರಡು ಹೆಸರು ದೊಡ್ಡ ವಿಷಯವಲ್ಲ.

15 ಅನ್ನುವ ಸಂಖ್ಯೆಯೂ ಇಲ್ಲಿಂದಲೇ ಬಂತು. ಏನೂ ಇಲ್ಲದ್ದು ಒಂದು, ಏಳು ಶಾರ್ಪ್ ತನಕ ಏಳು, ಏಳು ಫ್ಲಾಟ್ ತನಕ ಏಳು. ಆದರೆ ಕೀಬೋರ್ಡಿನಲ್ಲಿ ಷಡ್ಜ ಇಡಬಹುದಾದ ಜಾಗ ಇರುವುದು 12. ಉಳಿದ ಮೂರು ಒಂದೇ ಮನೆಗೆ ಎರಡನೇ ಹೆಸರು.

ಇದು ಸುಮ್ನೆ ಕಾಗದದ ಮೇಲಿನ ಶಿಸ್ತು ಅಂತ ನಾನೂ ಅಂದುಕೊಂಡಿದ್ದೆ. ನನ್ನ ಹತ್ತಿರ ಇದ್ದದ್ದು ಟ್ರಾನ್ಸ್‌ಪೋಸ್ ಬಟನ್ ಇರುವ ಕೀಬೋರ್ಡ್. ಯಾವ ಶ್ರುತಿ ಕೇಳಿದರೂ ಬಟನ್ ಒತ್ತಿ, ಬೆರಳು ಮಾತ್ರ ಸಿ ಇಂದಲೇ ಶುರು. ವರ್ಷಗಟ್ಟಲೆ ಭಾವಗೀತೆಗಳಿಗೆ ಹೀಗೇ ನುಡಿಸಿಕೊಂಡು ಓಡಾಡಿದೆ. ಒಮ್ಮೆ ನೆಂಟರ ಮನೆಯ ಆರತಕ್ಷತೆಗೆ ಹೋದಾಗ ಹಾಲ್‌ನಲ್ಲಿ ಹಳೆಯ ನಿಜವಾದ ಪಿಯಾನೋ ಒಂದಿತ್ತು. ಹಾಡುವವರು ಬಂದು "ಕಪ್ಪು ಎರಡು" ಅಂದರು, ಅಂದರೆ ಸಿ ಇಂದ ಎರಡನೇ ಕಪ್ಪು ಮನೆ ಅವರ ಶ್ರುತಿ. ನನ್ನ ಎಡಗೈ ತಾನಾಗಿ ಬಟನ್ ಹುಡುಕಿತು. ಪಿಯಾನೋದಲ್ಲಿ ಎಲ್ಲಿಂದ ಬರಬೇಕು! ನೂರು ಸಲ ನುಡಿಸಿದ ಹಾಡಿನ ಎರಡನೇ ಸ್ವರವೇ ಸಿಗಲಿಲ್ಲ. ಕೊನೆಗೆ ಸಿ ಯಲ್ಲೇ ನುಡಿಸಿದೆ. ಅವರ ಶ್ರುತಿಗಿಂತ ಮೂರು ಮನೆ ಕೆಳಗೆ. ಪಾಪ, ಕೆಳಗಿನ ಪಂಚಮಕ್ಕೆ ಇಳಿದಾಗ ಅವರ ದನಿಯೇ ಹೊರಡಲಿಲ್ಲ.

ಮನೆಗೆ ಬಂದು ಕಪ್ಪು ಎರಡನ್ನು ಷಡ್ಜ ಮಾಡಿಕೊಂಡು ಬರೆಯಲು ಕೂತೆ. ನಮ್ಮ ಆರ್ಕೆಸ್ಟ್ರಾದವರು ಆ ಶ್ರುತಿಯನ್ನು ಡಿ ಶಾರ್ಪ್ ಅನ್ನುತ್ತಾರೆ. ನಾನೂ ಹಾಗೇ ಬರೆಯಲು ಹೊರಟೆ. ಡಿ ಶಾರ್ಪ್, ಇ ಶಾರ್ಪ್, ಆಮೇಲೆ ಎಫ್ ಡಬಲ್ ಶಾರ್ಪ್, ಅಂದರೆ ಎರಡು ಮನೆ ಏರಿಸಿದ ಎಫ್. ಮುಗಿಸಿ ಎಣಿಸಿದರೆ ಒಂಬತ್ತು ಶಾರ್ಪ್! ಅದೇ ಮನೆಯನ್ನು ಇ ಫ್ಲಾಟ್ ಅಂತ ಕರೆದ ತಕ್ಷಣ ಬರೀ ಮೂರು ಫ್ಲಾಟ್: ಬಿ, ಇ, ಎ. ಬೆರಳಿಗೆ ಎರಡೂ ಒಂದೇ, ಕಣ್ಣಿಗೆ ಮಾತ್ರ ಆಕಾಶ ಭೂಮಿ ವ್ಯತ್ಯಾಸ. ವೇದಿಕೆಯ ಮೇಲೆ ಡಿ ಶಾರ್ಪ್ ಅನ್ನಿ, ಯಾರೂ ಬೈಯುವುದಿಲ್ಲ. ಕಾಗದದ ಮೇಲೆ ಇ ಫ್ಲಾಟ್ ಬರೆಯಿರಿ.

ಹಾಗಂತ ಎರಡೂ ಪದ್ಧತಿ ಒಂದೇ ತಲೆಯಲ್ಲಿ ಹಿಡಿಸುವುದಿಲ್ಲ ಅಂತ ಹೆದರಬೇಡಿ. ಮೈಸೂರಿನ ಜಯಚಾಮರಾಜ ಒಡೆಯರ್ ಮೊದಲು ಪಿಯಾನೋ ಹುಚ್ಚಿನವರು, ಆಮೇಲೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು.

ಅಭ್ಯಾಸಕ್ಕೆ ನನ್ನ ಸಲಹೆ: ಸದ್ಯಕ್ಕೆ ಮೂರು ಶಾರ್ಪ್, ಮೂರು ಫ್ಲಾಟ್ ತನಕ ಸಾಕು. ಏನೂ ಇಲ್ಲದ ಸಿ ಸೇರಿಸಿದರೆ ಏಳಾಯಿತು. ಶುರುವಿನ ಪುಸ್ತಕಗಳಲ್ಲಿ ಇದಕ್ಕಿಂತ ಜಾಸ್ತಿ ಬರುವುದು ಅಪರೂಪ. ದಿನಕ್ಕೊಂದು ಮನೆಯನ್ನು ಷಡ್ಜ ಮಾಡಿಕೊಂಡು ಸರಳೆ ವರಸೆ ನುಡಿಸಿ. ಹೌದು, ನಮ್ಮದೇ ಸರಳೆ, ಮಾಯಾಮಾಳವಗೌಳದ ಬದಲು ಶಂಕರಾಭರಣದಲ್ಲಿ. ಬಾಯಲ್ಲಿ ಸರಿಗಮ ಹೇಳಿಕೊಳ್ಳಿ, ಕಣ್ಣಲ್ಲಿ ಅಕ್ಷರ ನೋಡಿ. ತಪ್ಪು ಮನೆ ಒತ್ತಿದರೆ ಕಿವಿಯೇ ಬೈಯುತ್ತದೆ.

ಓದುವಾಗ ಎಲ್ಲರೂ ಎಡವುವ ಒಂದು ಕಡೆ ಇದೆ. ಟ್ರೆಬಲ್ ಕ್ಲೆಫ್‌ನಲ್ಲಿ, ಅಂದರೆ ಸಾಮಾನ್ಯವಾಗಿ ಬಲಗೈಗೆ ಬರೆದ ಸಾಲಿನಲ್ಲಿ, ಎಫ್ ಶಾರ್ಪ್ ಗುರುತನ್ನು ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲೆ ಹಾಕಿರುತ್ತಾರೆ. ಆ ಗೆರೆಯ ಎಫ್‌ಗೆ ಮಾತ್ರ ಅದು ಅನ್ವಯ ಅಂದುಕೊಂಡು ನಾನು ಕೆಳಗಿನ ಮೊದಲ ಸಂದಿನ ಎಫ್ ಅನ್ನು ತಿಂಗಳುಗಟ್ಟಲೆ ಬಿಳಿ ಮನೆಯಲ್ಲೇ ನುಡಿಸುತ್ತಿದ್ದೆ. ಹಾಗಲ್ಲ. ಸಾಲಿನ ಶುರುವಿನ ಗುರುತು ಎಲ್ಲಾ ಸ್ಥಾಯಿಯ ಎಫ್‌ಗೂ ಸೇರುತ್ತದೆ. ನಡುವೆ ಒಂದು ಸ್ವರದ ಪಕ್ಕದಲ್ಲೇ ಬರುವ ಗುರುತು ಬೇರೆ. ಅದರ ಅಧಿಕಾರ ಆ ಗೆರೆ ಅಥವಾ ಸಂದಿಗೆ ಮಾತ್ರ, ಅದೂ ಆ ಬಾರ್ (ನೆಟ್ಟಗೆ ನಿಂತ ಎರಡು ಗೆರೆಗಳ ನಡುವಿನ ಭಾಗ) ಮುಗಿಯುವ ತನಕ.

ಒಂದು ಮಾತು ಬಾಕಿ ಇದೆ. ಎರಡು ಶಾರ್ಪ್ ಕಂಡ ತಕ್ಷಣ ಡಿ ಮೇಜರ್ ಅಂತ ತೀರ್ಮಾನಿಸಬೇಡಿ. ಯಾವ ಏಳು ಮನೆಗಳು ಅಂತಷ್ಟೇ ಆ ಗುರುತು ಹೇಳುತ್ತದೆ, ಷಡ್ಜ ಯಾವುದು ಅಂತ ಹೇಳುವುದಿಲ್ಲ. ಅದೇ ಏಳು ಮನೆಗಳಲ್ಲಿ ಬಿ ಯನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಬರುತ್ತದೆ, ಅಂದರೆ ಬಿ ಮೈನರ್. ಪ್ರತಿ ಮೇಜರ್‌ಗೂ ಮೂರು ಮನೆ ಕೆಳಗೆ ಇಂಥ ಒಂದು ಮೈನರ್ ಜೋಡಿ ಇರುತ್ತದೆ, ಗುರುತು ಇಬ್ಬರಿಗೂ ಒಂದೇ. ನಿಮ್ಮ ಪುಸ್ತಕದ ಆ ತುಣುಕಿನ ಕೊನೆಯ ಬಾರ್‌ನಲ್ಲಿ ಎಡಗೈ ಎಲ್ಲಿ ಬಂದು ನಿಲ್ಲುತ್ತದೆ ನೋಡಿ. ಡಿ ಮೇಲೆ ನಿಂತರೆ ಬಹುತೇಕ ಡಿ ಮೇಜರ್. ಬಿ ಮೇಲೆ ನಿಂತು, ನಡುನಡುವೆ ಎ ಪಕ್ಕದಲ್ಲಿ ಒಂಟಿ ಶಾರ್ಪ್ ಕಾಣಿಸಿಕೊಳ್ಳುತ್ತಿದ್ದರೆ ಬಿ ಮೈನರ್. ಆ ಒಂಟಿ ಶಾರ್ಪ್ ಕಾಕಲಿ ನಿಷಾದ. ಅದನ್ನು ಸೇರಿಸಿ ಒಮ್ಮೆ ಬಿ ಇಂದ ಬಿ ತನಕ ನುಡಿಸಿ ನೋಡಿ, ಕೀರವಾಣಿ ಕೇಳಿಸುತ್ತದೆ.