ಕೃತಕ ವಜ್ರವೇ ಮುಂದಿನ ಸಿಲಿಕಾನ್ ಎನ್ನುತ್ತಾರೆ, ಎಂ.ಟೆಕ್‌ಗೆ ಅದನ್ನೇ ಆರಿಸಿಕೊಳ್ಳಲೇ, ಸಿಲಿಕಾನ್ ಕಾರ್ಬೈಡ್ ಸಾಕೇ?

ನಿಮ್ಮ ಪ್ರಶ್ನೆಯ ಜೊತೆಗಿರುವ, ವಸ್ತುಗಳ ಗುಣಗಳನ್ನು ಹೋಲಿಸುವ ಕೋಷ್ಟಕವನ್ನು ನೋಡಿ ನನಗೆ ನಗು ಬಂತು, ಏಕೆಂದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿದ್ದ ನನ್ನ ಪುಟ್ಟ ವರ್ಕ್‌ಶಾಪಿನ ಗೋಡೆಯ ಮೇಲೂ ಒಂದು ಕಾಲದಲ್ಲಿ ಅದೇ ಕೋಷ್ಟಕವಿತ್ತು. ಉಷ್ಣವಾಹಕತೆ, ಅಂದರೆ ಶಾಖ ಸಾಗಿಸುವ ಶಕ್ತಿ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ), ಸಿಲಿಕಾನಿಗೆ 150ರ ಆಸುಪಾಸು, ತಾಮ್ರಕ್ಕೆ 400, ಉತ್ತಮ ವಜ್ರಕ್ಕೆ 2,000ಕ್ಕೂ ಹೆಚ್ಚು. ಆ ಕೊನೆಯ ಸಂಖ್ಯೆಯೇ ನನ್ನನ್ನು ಮುಳುಗಿಸಿತು.

ನಾವು ರೇಡಿಯೊ ತರಂಗಗಳ ಆಂಪ್ಲಿಫೈಯರ್ ತಯಾರಿಸುತ್ತಿದ್ದೆವು. ಒಬ್ಬ ಗ್ರಾಹಕರು ಹನ್ನೆರಡು ಯೂನಿಟ್‌ಗಳಿಗೆ ಆರ್ಡರ್ ಕೊಡಲು ಸಿದ್ಧರಿದ್ದರು. ಆದರೆ ಟ್ರಾನ್ಸಿಸ್ಟರಿನ ತಳ 78 ಡಿಗ್ರಿಗೆ ಏರುತ್ತಿದ್ದು, ಅದನ್ನು ಇಳಿಸಬೇಕೆಂಬ ಷರತ್ತು ಹಾಕಿದ್ದರು. ನಾನು ಸಾಲ ಮಾಡಿ, ಹೈಡ್ರೋಜನ್‌ಗೆ ಸ್ವಲ್ಪ ಮೀಥೇನ್ ಬೆರೆಸಿ ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಬೆಳೆಸಿದ ಬಹುಸ್ಫಟಿಕ ವಜ್ರದ ಬಿಲ್ಲೆಯೊಂದನ್ನು ತರಿಸಿದೆ. ಅದು 10 ಮಿ.ಮೀ. ಉದ್ದ, ಅಷ್ಟೇ ಅಗಲ, 0.3 ಮಿ.ಮೀ. ದಪ್ಪವಿತ್ತು. ನೋಡಲು ಒಡೆದ ಸ್ಲೇಟಿನ ಚೂರಿನಂತೆ ಬೂದುಬಣ್ಣಕ್ಕಿದ್ದುದರಿಂದ, ಇದಕ್ಕೆ ಇಷ್ಟು ದುಡ್ಡೇ ಎಂದು ಅಮ್ಮ ಕೇಳಿದ್ದರು. ಅದನ್ನು ಟ್ರಾನ್ಸಿಸ್ಟರಿಗೂ ಶಾಖವನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೂ ನಡುವೆ, ಎರಡೂ ಮುಖಕ್ಕೆ ಸಂದು ತುಂಬುವ ಥರ್ಮಲ್ ಪೇಸ್ಟ್ ಸವರಿ ಕೂರಿಸಿದೆ. ತಾಪ 97 ಡಿಗ್ರಿಗೆ ಏರಿತು.

ತಾಪ ಅಳೆಯುವ ಥರ್ಮೋಕಪಲ್ ಬದಲಾಯಿಸಿದೆ, ತಿರುಪುಗಳನ್ನು ಬಿಗಿ ಮಾಡಿದೆ, ಕೊನೆಗೆ ನಕಲಿ ವಜ್ರ ಕೊಟ್ಟಿದ್ದಾರೆಂದು ಪೂರೈಕೆದಾರರನ್ನೇ ಅನುಮಾನಿಸಿ ಬಿಲ್ಲೆಯನ್ನು ಅಶೋಕ ರಸ್ತೆಯ ಪರಿಚಯದ ಚಿನ್ನದಂಗಡಿಗೆ ಒಯ್ದೆ. ಅಲ್ಲಿ ಬಿಸಿಮೊನೆಯ ಪರೀಕ್ಷಾ ಪೆನ್ನಿದೆ. ಮೊನೆಯ ಶಾಖವನ್ನು ಕಲ್ಲು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದರ ಮೇಲೆ ಅದು ವಜ್ರವನ್ನು ಗುರುತಿಸುತ್ತದೆ. ಬಿಲ್ಲೆಯ ಮೇಲಿದ್ದ ಬಿಳಿ ಪೇಸ್ಟನ್ನು ನೋಡಿದ ಅಂಗಡಿಯವರು, "ಮೊದಲು ಒರೆಸಿ ಕೊಡಿ ಸಾರ್, ಜಿಡ್ಡಿದ್ದರೆ ಪೆನ್ನು ಸರಿಯಾಗಿ ಹೇಳುವುದಿಲ್ಲ" ಎಂದರು. ಒರೆಸಿ ಕೊಟ್ಟೆ. ಪೆನ್ನು ಕೂಡಲೇ ಕೂಗಿತು: ವಜ್ರ ಅಸಲಿಯೇ, ತಡೆ ಇದ್ದುದು ಪೇಸ್ಟಿನಲ್ಲಿ.

ಆ ರಾತ್ರಿ ಮಾಡಿದ ಲೆಕ್ಕವನ್ನು, ವಜ್ರ ಕೊಳ್ಳುವ ಮೊದಲೇ ಮಾಡಬೇಕಿದ್ದುದರಿಂದ, ಪೂರ್ತಿಯಾಗಿ ಬರೆಯುತ್ತೇನೆ. ಹಾದುಹೋಗುತ್ತಿದ್ದ ಶಾಖ 40 ವ್ಯಾಟ್. ನನ್ನ ಬಿಲ್ಲೆಯ ಉಷ್ಣವಾಹಕತೆಯನ್ನು 1,500 ಎಂದು ಹಿಡಿದರೆ, ಅದರ ಒಂದು ಮುಖದಿಂದ ಇನ್ನೊಂದಕ್ಕೆ ಬೀಳುವ ತಾಪವ್ಯತ್ಯಾಸ 0.08 ಡಿಗ್ರಿ. ಅದೇ ಅಳತೆಯ ತಾಮ್ರವಾಗಿದ್ದರೆ 0.3 ಡಿಗ್ರಿ. ಆದರೆ ಪೇಸ್ಟಿನ ಉಷ್ಣವಾಹಕತೆ ಸುಮಾರು 1 ಮಾತ್ರ, 0.05 ಮಿ.ಮೀ. ದಪ್ಪದ ಒಂದು ಪದರ ಒಂದೇ 20 ಡಿಗ್ರಿ ನುಂಗುತ್ತದೆ. ವಜ್ರವಿಲ್ಲದಾಗ ಒಂದು ಪದರವಿತ್ತು, ವಜ್ರ ಇಟ್ಟ ಮೇಲೆ ಎರಡಾದವು. ಅಂದರೆ, ಒಂದು ಡಿಗ್ರಿಯ ಭಾಗಾಂಶವನ್ನು ಉಳಿಸಲು ಹೋಗಿ ಇಪ್ಪತ್ತು ಡಿಗ್ರಿಯನ್ನು ಸಾಲದ ದುಡ್ಡಿನಲ್ಲಿ ಕೊಂಡು ತಂದಿದ್ದೆ. ಇನ್ನೂ ಒಂದು ಪೆದ್ದುತನವಿತ್ತು: ಬಿಲ್ಲೆಯ ಅಳತೆ ಟ್ರಾನ್ಸಿಸ್ಟರಿನ ತಳದಷ್ಟೇ ಇದ್ದುದರಿಂದ ಶಾಖ ಅಗಲಕ್ಕೆ ಹರಡಲು ಜಾಗವೇ ಇರಲಿಲ್ಲ. ವಜ್ರದ ಕೆಲಸವಿರುವುದು ಶಾಖ ಚುಕ್ಕೆಯಂತೆ ಒತ್ತಿ ನಿಲ್ಲುವ ಕಡೆ, ಅಂದರೆ ಟ್ರಾನ್ಸಿಸ್ಟರಿನ ಒಳಗಿನ ಅರೆವಾಹಕ ಚಿಪ್‌ನ ಕೆಳಗೇ, ಚಿಪ್‌ಗಿಂತ ಅಗಲವಾಗಿ.

ಅಲ್ಲಿ ಅದನ್ನು ಕೂರಿಸುವುದೂ ಸಲೀಸಲ್ಲ. ಮಾಮೂಲಿ ಬೆಸುಗೆ ವಜ್ರಕ್ಕೆ ಹತ್ತುವುದಿಲ್ಲ. ಮೊದಲು ಟೈಟಾನಿಯಂ ಪದರ ಹಾಕಿದರೆ ಅದು ಇಂಗಾಲದೊಡನೆ ಕಾರ್ಬೈಡ್ ಆಗಿ ಕಚ್ಚಿಕೊಳ್ಳುತ್ತದೆ, ಅದರ ಮೇಲೆ ಪ್ಲಾಟಿನಂ, ಚಿನ್ನ ಬರಬೇಕು. ಚಿನ್ನ-ತವರದ ಬೆಸುಗೆ ಕರಗುವುದು 280 ಡಿಗ್ರಿಯಲ್ಲಿ. ತಣ್ಣಗಾಗುವಾಗ ಕೆಳಗಿನ ತಾಮ್ರದ ತಳ ಕುಗ್ಗುವಷ್ಟು ವಜ್ರ ಕುಗ್ಗುವುದಿಲ್ಲ, 10 ಮಿ.ಮೀ. ಬಿಲ್ಲೆಯಲ್ಲಿ ಈ ಅಂತರ ಸುಮಾರು 0.04 ಮಿ.ಮೀ. ಆಗಿ ಬೆಸುಗೆಯನ್ನು ಸೀಳಬಲ್ಲದು. ಇದನ್ನು ಕಲಿಯುವಷ್ಟರಲ್ಲಿ ಆ ಆರ್ಡರ್ ಬೇರೆಯವರ ಪಾಲಾಗಿತ್ತು.

ಈಗ ನಿಮ್ಮ ಆಯ್ಕೆಯ ಮಾತು. ವಜ್ರ ಮುಂದಿನ ಸಿಲಿಕಾನ್ ಎಂಬುದನ್ನೇ ನಾನು ಒಪ್ಪುವುದಿಲ್ಲ. ಅದರ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ಬೇಕಾದ ಶಕ್ತಿ, 5.5 ಎಲೆಕ್ಟ್ರಾನ್ ವೋಲ್ಟ್, ಅದು ತಾಳುವ ವಿದ್ಯುತ್ ಕ್ಷೇತ್ರ ಸಿಲಿಕಾನಿನ ಮೂವತ್ತು ಪಟ್ಟು, ಎಲ್ಲವೂ ನಿಜ. ಆದರೆ ಟ್ರಾನ್ಸಿಸ್ಟರ್ ಆಗಲು ಬೆರಕೆ ಧಾತುಗಳು ವಿದ್ಯುತ್ ಒಯ್ಯುವ ಕಣಗಳನ್ನು ಕೊಡಬೇಕು. ಸಿಲಿಕಾನಿನಲ್ಲಿ ಬೋರಾನ್ 0.045 ಎಲೆಕ್ಟ್ರಾನ್ ವೋಲ್ಟಿಗೆ ರಂಧ್ರ (ಎಲೆಕ್ಟ್ರಾನಿನ ಖಾಲಿ ಜಾಗ, ಅದೂ ವಿದ್ಯುತ್ ಒಯ್ಯುತ್ತದೆ) ಕೊಟ್ಟರೆ, ವಜ್ರದಲ್ಲಿ ಅದೇ ಬೋರಾನ್ 0.37 ಕೇಳುತ್ತದೆ. ಕೋಣೆಯ ತಾಪದಲ್ಲಿ ಸಿಗುವ ಉಷ್ಣಶಕ್ತಿ 0.026ರಷ್ಟು ಮಾತ್ರವಾದ್ದರಿಂದ ಬಹುಪಾಲು ಬೋರಾನ್ ಸುಮ್ಮನೆ ಕುಳಿತಿರುತ್ತದೆ. ಎಲೆಕ್ಟ್ರಾನ್ ಕೊಡಬೇಕಾದ ರಂಜಕದ್ದಂತೂ 0.57. ನಿಮ್ಮ ಕೋಷ್ಟಕದಲ್ಲಿ ಈ ಸಾಲು ಇಲ್ಲ, ನನ್ನದರಲ್ಲೂ ಇರಲಿಲ್ಲ.

ಟ್ರಾನ್ಸಿಸ್ಟರೇ ಬೇಕೆಂದರೆ ಸಿಲಿಕಾನ್ ಕಾರ್ಬೈಡ್‌ಗೆ ಹೋಗಿ. ಅದರ ಸಾಧನಗಳು ವಿದ್ಯುತ್ ಕಾರುಗಳಲ್ಲಿ ಈಗಾಗಲೇ ಓಡುತ್ತಿವೆ. ವಜ್ರವೇ ಬೇಕೆಂದರೆ ಗ್ಯಾಲಿಯಂ ನೈಟ್ರೈಡ್ ಎಂಬ ಇನ್ನೊಂದು ಅರೆವಾಹಕದ ಚಿಪ್‌ಗೆ ಅದನ್ನು ಬೆಸೆಯುವ ವಿಷಯವನ್ನು ಕೇಳಿ ತೆಗೆದುಕೊಳ್ಳಿ. ಗೈಡ್ ಬಳಿ ಹೋಗುವ ಮುನ್ನ ಒಂದು ತಾಮ್ರದ ತುಂಡು, ಪೇಸ್ಟಿನ ಟ್ಯೂಬು, ಎರಡು ಥರ್ಮೋಕಪಲ್ ತಂದು, ಪದರವೊಂದಕ್ಕೆ ಎಷ್ಟು ಡಿಗ್ರಿ ಹೋಗುತ್ತದೆಂದು ನೀವೇ ಅಳೆದು ನೋಡಿ.