ಓದುಗರ ಪ್ರಶ್ನೆ: ವಾರಕ್ಕೆರಡು ಮಧ್ಯಾಹ್ನದ ಮೇಷ್ಟರಿಕೆ

ಪ್ರಶ್ನೆ: ಆಕ್ಯುಪೇಷನಲ್ ಥೆರಪಿಯಲ್ಲಿ (ಉಣ್ಣುವುದು, ಉಡುವುದರಂಥ ದಿನನಿತ್ಯದ ಕೆಲಸಗಳನ್ನು ರೋಗಿಗಳು ಮತ್ತೆ ತಾವೇ ಮಾಡಿಕೊಳ್ಳುವಂತೆ ಮಾಡುವ ಚಿಕಿತ್ಸೆ) ಸ್ನಾತಕೋತ್ತರ ಪದವಿ ಮುಗಿಸಿ ಹನ್ನೊಂದು ವರ್ಷಗಳಿಂದ ಪಾರ್ಶ್ವವಾಯು ಪೀಡಿತರ ಪುನಶ್ಚೇತನ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯವೊಂದು ವಾರಕ್ಕೆ ಎರಡು ಮಧ್ಯಾಹ್ನ ಪಾಠ ಮಾಡಲು ಕರೆದಿದೆ. ತರಗತಿಗೆ ಇಷ್ಟೆಂದು ಗೌರವಧನ ಕೊಡುತ್ತಾರಂತೆ. ಪಾಠ ಮಾಡಿ ಅಭ್ಯಾಸವಿಲ್ಲ, ರೋಗಿಗಳನ್ನು ಬಿಡುವ ಮನಸ್ಸೂ ಇಲ್ಲ. ಒಪ್ಪಿಕೊಳ್ಳಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಒಪ್ಪಿಕೊಳ್ಳಿ. ಆದರೆ ಏನನ್ನು ಕಲಿಸುತ್ತೀರಿ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಅರೆಕಾಲಿಕರ ಪಾಲಿಗೆ ಬರುವುದು ಸಾಮಾನ್ಯವಾಗಿ ಉಳಿದವರು ಬೇಡವೆಂದು ಬಿಟ್ಟ ಪತ್ರಿಕೆ. ಆಕ್ಯುಪೇಷನಲ್ ಥೆರಪಿಯ ಬಿ.ಒ.ಟಿ. ಪದವಿಯಲ್ಲಿ ಅಂಗರಚನೆ, ಶರೀರಕ್ರಿಯೆಗಳನ್ನು ಕಾಯಂ ಅಧ್ಯಾಪಕರು ಚೆನ್ನಾಗಿಯೇ ಕಲಿಸುತ್ತಾರೆ. ನೀವು ಕೇಳಿ ಪಡೆಯಬೇಕಾದದ್ದು ಚಟುವಟಿಕೆಯ ವಿಶ್ಲೇಷಣೆ, ಅಂದರೆ ದಿನನಿತ್ಯದ ಒಂದು ಕೆಲಸವನ್ನು ಹಂತಹಂತವಾಗಿ ಬಿಡಿಸಿ ನೋಡುವ ಪಾಠ.

ಅನ್ನ ಸಾರು ಕಲಸಿ ಉಣ್ಣುವುದನ್ನೇ ತೆಗೆದುಕೊಳ್ಳಿ. ನಮ್ಮ ವಿದ್ಯಾರ್ಥಿಗಳು ಓದುವ ಪಠ್ಯಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕ, ಬ್ರಿಟನ್ನುಗಳಿಂದ ಬಂದವು. ಅವುಗಳಲ್ಲಿ ದಪ್ಪ ಹಿಡಿಯ ಚಮಚವಿದೆ, ಒಂದೇ ಕೈಯಲ್ಲಿ ಕತ್ತರಿಸಬಹುದಾದ ಬಾಗಿದ ಚಾಕುವಿದೆ, ಆದರೆ ಬೆರಳತುದಿಗಳಲ್ಲಿ ತುತ್ತು ಕೂಡಿಸಿ, ಅದು ಜಾರದಂತೆ ಮುಂಗೈಯನ್ನು ತಿರುಗಿಸಿ, ಬಾಯ ಬಳಿ ತಂದು ಹೆಬ್ಬೆರಳಿನಿಂದ ಒಳಗೆ ತಳ್ಳುವ ಕ್ರಿಯೆ ಹುಡುಕಿದರೂ ಸಿಗುವುದು ಕಷ್ಟ. ಒಂದು ದಿನ ತರಗತಿಯಲ್ಲಿ ಬಾಳೆಲೆ ಹಾಸಿ, ವಿದ್ಯಾರ್ಥಿಗಳ ಬಲಗೈಯನ್ನು ಬಟ್ಟೆಯಿಂದ ಮೈಗೆ ಕಟ್ಟಿ, ಎಡಗೈಯಲ್ಲಿ ಉಣ್ಣಲು ಹೇಳಿ. ಮೊದಲು ನಗುತ್ತಾರೆ, ಸಾರು ಮೊಣಕೈಗೆ ಇಳಿಯುವ ಹೊತ್ತಿಗೆ ನಗು ನಿಂತಿರುತ್ತದೆ. ಆಗ ಕೇಳಿ: ಹೀಗೆ ಎಡಗೈಯಲ್ಲಿ ಅಚ್ಚುಕಟ್ಟಾಗಿ ಉಣ್ಣಲು ಕಲಿತ ಅಜ್ಜ ಮೊಮ್ಮಗಳ ಮದುವೆಯ ಪಂಕ್ತಿಯಲ್ಲಿ ಮಾತ್ರ ಹಸಿವಿಲ್ಲವೆಂದು ಏಕೆ ಎದ್ದುಹೋಗುತ್ತಾನೆ? ಸ್ನಾಯುಬಲ ಅಳೆದರೆ ಇದಕ್ಕೆ ಉತ್ತರ ಸಿಗದು. ಈ ಪ್ರಶ್ನೆ ನಿಮಗೆ ಹೊಸದಲ್ಲ, ಪುಸ್ತಕ ಓದಿಯಷ್ಟೇ ಪಾಠ ಹೇಳುವವರಿಗೆ ಹೊಳೆಯುವಂಥದ್ದೂ ಅಲ್ಲ.

ರೋಗಿಗಳನ್ನು ಬಿಡಬೇಕಾಗಿಲ್ಲ, ವಿದ್ಯಾರ್ಥಿಗಳನ್ನೇ ಅವರ ಬಳಿಗೆ ಕರೆದುಕೊಳ್ಳಿ. ಕಮಲಾ ನಿಂಬಕರ್ 1950ರಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ತೆರೆದದ್ದು ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಆಕ್ಯುಪೇಷನಲ್ ಥೆರಪಿಸ್ಟರ ಜಾಗತಿಕ ಒಕ್ಕೂಟದ ಕನಿಷ್ಠ ಮಾನದಂಡಗಳು ಇಂದಿಗೂ ಪ್ರತಿ ವಿದ್ಯಾರ್ಥಿಗೆ 1,000 ಗಂಟೆಗಳ ಕ್ಷೇತ್ರಾಭ್ಯಾಸವನ್ನು ಕೇಳುತ್ತವೆ. ನಿಮ್ಮ ಕೇಂದ್ರವನ್ನು ಆ ಅಭ್ಯಾಸದ ತಾಣಗಳಲ್ಲಿ ಒಂದಾಗಿಸಲು ವಿಭಾಗದ ಮುಖ್ಯಸ್ಥರೊಂದಿಗೆ ಮಾತಾಡಿ. ಆದರೆ ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಒಂದು ವಿಡಿಯೊವನ್ನೂ ತರಗತಿಗೆ ಒಯ್ಯಬೇಡಿ.

ಹಣದ ವಿಚಾರ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ಅತಿಥಿ ಅಧ್ಯಾಪಕರಿಗೆ ಉಪನ್ಯಾಸವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಮಾರ್ಗಸೂಚಿ ಹೊರಡಿಸಿತು. ಹಲವೆಡೆ ಕೈಗೆ ಬರುವುದು ಅದಕ್ಕಿಂತ ಕಡಿಮೆ. ನಾನು ಹೀಗೆ ಪಾಠ ಮಾಡಲು ಹೋದ ಮೊದಲ ವರ್ಷದಲ್ಲಿ ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆ ತಯಾರಿ ಬೇಕಾಗುತ್ತಿತ್ತು. ಅವಧಿಯ ಕೊನೆಗೆ ಅರವತ್ತು ಕೇಸ್ ರೆಕಾರ್ಡುಗಳನ್ನು ತಿದ್ದಿಕೊಟ್ಟೆ, ಅದಕ್ಕೆ ಬಿಡಿಗಾಸೂ ಬರಲಿಲ್ಲ. ವಿಭಾಗದವರನ್ನು ಕೇಳಿದರೆ ‘ಪಾಠದ ಜೊತೆಗೇ ಬಂತಲ್ಲ ಮೇಡಂ’ ಎಂದರು. ಆದ್ದರಿಂದ ಮೌಲ್ಯಮಾಪನ, ಪರೀಕ್ಷಾ ಮೇಲ್ವಿಚಾರಣೆ, ಪ್ರಯಾಣವೆಚ್ಚ ಇವು ಗೌರವಧನದ ಒಳಗೋ ಹೊರಗೋ ಎಂಬುದನ್ನು ನೇಮಕಪತ್ರದಲ್ಲೇ ಬರೆಸಿಕೊಳ್ಳಿ. ಸಂಕೋಚಪಡಬೇಡಿ, ನಾನು ಪಟ್ಟು ಕೆಟ್ಟಿದ್ದೇನೆ.

ಅವರು ಮಧ್ಯಾಹ್ನದ ಹೊತ್ತನ್ನೇ ಕೇಳಿರುವುದು ನಿಮಗೆ ಅನುಕೂಲವೇ ಆಯಿತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ದಿನ ಏರಿದಂತೆ ಬೇಗ ದಣಿಯುತ್ತಾರೆ. ಅವರ ಕೈಯಿಂದ ಒಳ್ಳೆಯ ಕೆಲಸ ತೆಗೆಯಲಾಗುವುದು ಸಾಮಾನ್ಯವಾಗಿ ಬೆಳಿಗ್ಗೆ. ಮುಂದಿನ ಅವಧಿಯಲ್ಲಿ ವೇಳಾಪಟ್ಟಿ ಬದಲಿಸಿ ಒಂಬತ್ತೂವರೆಗೆ ಬನ್ನಿ ಎಂದರೆ ಆಗುವುದಿಲ್ಲ ಎನ್ನಿ.