ಪ್ರತಿಕ್ರಿಯೆ: ಬಲೂನು ತುಂಬುತ್ತದೆ, ಒಲೆ ಉರಿಯುವುದಿಲ್ಲ

ಸರ್ರ, ಸುಗ್ಗಿಯಲ್ಲಿ ಗಂಗಾವತಿ ಮಿಲ್ಲಿನ ಬಾಯ್ಲ್ಡ್ ರೈಸ್ ಕೆಲಸ ಜಾಸ್ತಿಯಾಗಿ, ಭತ್ತ ನೆನೆಸಿದ ನೀರೆಲ್ಲ ಡೈಜೆಸ್ಟರ್‌ಗೆ (ಗ್ಯಾಸ್ ತಯಾರಾಗುವ ಮುಚ್ಚಿದ ತೊಟ್ಟಿಗೆ) ಬಿಟ್ಟ ಮೇಲೆ ಗ್ಯಾಸ್ ಬಲೂನು ತುಂಬಿದರೂ ಒಲೆ ಹತ್ತಿ ಉರಿಯುತ್ತಿಲ್ಲ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6.1 ಅಂತ ಬರೆದಿದ್ದೀರಿ. ಬರ್ನರ್ ಬಿಚ್ಚಬ್ಯಾಡ್ರಿ, ಒಳಗೆ ಹುಳಿ ಏರಿದೆ. ಪಿಷ್ಟವನ್ನು ಆಮ್ಲ ಮಾಡುವ ಸೂಕ್ಷ್ಮಾಣುಗಳು ಬಲು ಚುರುಕು. ಆ ಆಮ್ಲವನ್ನು ಮೀಥೇನ್, ಅಂದರೆ ಉರಿಯುವ ಗ್ಯಾಸ್, ಮಾಡುವವು ನಿಧಾನ, ನಾಜೂಕು ಬೇರೆ, ಪಿಎಚ್ 6.5ಕ್ಕಿಂತ ಇಳಿದರೆ ಕೈಚೆಲ್ಲುತ್ತವೆ. ಆಗ ಬರುವ ಗ್ಯಾಸಿನಲ್ಲಿ ಉರಿಯದ ಇಂಗಾಲದ ಡೈಆಕ್ಸೈಡೇ ಹೆಚ್ಚು, ಒಲೆ ಹೆಂಗ ಉರಿಬೇಕು?

ಮೊದಲು ಹೊಸ ನೀರು ಬಿಡುವುದು ನಿಲ್ಲಿಸಿ. ಹುಳಿ ಇಳಿಸಲು ಸುಣ್ಣ ಅಗ್ಗ ಅಂತ ಸುರಿಯಬೇಡಿ, ಕೈ ಹೆಚ್ಚಾದರೆ ಕಾರ್ಬೋನೇಟ್ ಆಗಿ ತಳಕ್ಕೆ ಕೂರುತ್ತದೆ. ಅಡುಗೆ ಸೋಡಾ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕಿ, ಪಿಎಚ್ 6.8 ದಾಟಲಿ. ಚೆನ್ನಾಗಿ ನಡೆಯುತ್ತಿರುವ ಗೋಬರ್ ಗ್ಯಾಸ್ ಗುಂಡಿಯ ಬಗ್ಗಡ ಸಿಕ್ಕರೆ ತಂದು ಹಾಕಿ, ಹಸಿ ಸಗಣಿಗಿಂತ ಅದು ಮೇಲು. ಆಮೇಲೆ ನೀರು ಬಿಡುವುದನ್ನು ಹಳೆಯ ಪ್ರಮಾಣದ ಕಾಲು ಭಾಗದಿಂದ ಶುರು ಮಾಡಿ.

ನೆನೆಸಿದ ನೀರನ್ನು ಬಿಸಿಯಿರುವಾಗಲೇ ಬಿಡುತ್ತೀರಾ? ತಣ್ಣಗಾದ ಮೇಲೆ ಬಿಡಿ, ಡೈಜೆಸ್ಟರ್ ಒಳಗೆ 35-37 ಡಿಗ್ರಿ ಇದ್ದರೆ ಸಾಕು. ಪಿಎಚ್ ಬೀಳುವಷ್ಟರಲ್ಲಿ ತಡವಾಗಿರುತ್ತದೆ, ಹಾಗಾಗಿ ಲ್ಯಾಬಿನಲ್ಲಿ ಬಾಷ್ಪಶೀಲ ಆಮ್ಲ (ಒಳಗೆ ಸೇರಿಕೊಂಡ ಹುಳಿ) ಮತ್ತು ಕ್ಷಾರತೆಯ (ಹುಳಿಯನ್ನು ತಡೆಯುವ ಶಕ್ತಿಯ) ಅನುಪಾತ ನೋಡಿಸಿ. 0.3ರ ಒಳಗಿದ್ದರೆ ಚಿಂತೆಯಿಲ್ಲ.